ನೆಲದ ಕೆಳಗಿನ ನೀರು

ಹಿಂಬದಿಯ ಬೆಂಚಿನ ಪಕ್ಕದ ಮೊದಲ ಸ್ಕ್ರೂ ಬಿಚ್ಚಲು ಉಪಕರಣವೇ ಬೇಕಾಗಲಿಲ್ಲ. ಬೆರಳಿನಿಂದ ಹಿಡಿದೆಳೆದ ಕೂಡಲೇ ಅದು ಒದ್ದೆ ಮಣ್ಣಿನಿಂದ ಕಡ್ಡಿ ಕಿತ್ತಂತೆ ಸದ್ದಿಲ್ಲದೆ ಹೊರಬಂತು. ಎರಡನೆಯದೂ ಹಾಗೆಯೇ, ಮೂರನೆಯದೂ ಹಾಗೆಯೇ. ಸುಮಾರು 4 ಮೀಟರ್ ಉದ್ದದ ಆ ಅಲ್ಯೂಮಿನಿಯಂ ದೋಣಿಯ ನೆಲವನ್ನು ನಾಲ್ಕು ವರ್ಷಗಳ ಹಿಂದೆ ನಾನೇ ಕೈಯಾರೆ ಹಾಸಿದ್ದೆ, ಅಂಚುಗಳಿಗೆಲ್ಲ ಸಿಲಿಕೋನ್ ತುಂಬಿ ನಾನೇ ಮುಚ್ಚಿದ್ದೆ, ಇನ್ನು ಹನಿ ನೀರೂ ಕೆಳಗಿಳಿಯದು ಎಂದು ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಮೇಲಿನಿಂದ ನೋಡಿದರೆ ಆ ಮಾತು ಈಗಲೂ ನಿಜವೆನ್ನಿಸುವಂತಿತ್ತು. ಕಾರ್ಪೆಟ್ಟಿನ ಬಣ್ಣ ಸ್ವಲ್ಪ ಮಾಸಿತ್ತು, ಅಷ್ಟೆ. ಅಂಚಿನ ಸಿಲಿಕೋನ್ ಪಟ್ಟಿ ಒಂದೆಡೆಯೂ ಬಿಟ್ಟಿರಲಿಲ್ಲ. ಆದರೆ ಹಲಗೆಯ ತುದಿಯನ್ನು ಹಿಡಿದು ಮೇಲಕ್ಕೆತ್ತಿದಾಗ ಪ್ಲೈವುಡ್ಡಿನ ಮೇಲ್ಪದರ ಮಾತ್ರ ಕೈಗೆ ಬಂತು. ಉಳಿದ ಪದರಗಳು ನೆನೆದ ರಟ್ಟಿನಂತೆ ಅಲ್ಲೇ ಕುಸಿದವು. ಅದರಡಿಯ ಫೋಮ್ ತುಂಡು, ಹಿಂದೊಮ್ಮೆ ಎರಡು ಬೆರಳಿನಲ್ಲಿ ಎತ್ತಿ ಇಟ್ಟಿದ್ದದ್ದು, ಈಗ ಎರಡೂ ಕೈ ಹಾಕಿ ಎಳೆದ ಮೇಲೆ ನೀರು ಸುರಿಸುತ್ತ ಮೇಲೆದ್ದಿತು.

ಈ ನೀರು ಎಲ್ಲಿಂದ ಬಂತು ಎಂಬುದು ನನ್ನ ಮೊದಲ ಪ್ರಶ್ನೆಯಾಗಿತ್ತು. ಬಂದ ನೀರು ಯಾಕೆ ಹೋಗಲಿಲ್ಲ ಎಂಬ ಎರಡನೆಯ ಪ್ರಶ್ನೆ ಹೊಳೆಯಲು ಕೆಲವು ವಾರಗಳೇ ಬೇಕಾದವು, ಮತ್ತು ಅದು ಹೊಳೆದ ಮೇಲೆ ಇಡೀ ಕೆಲಸದ ಸ್ವರೂಪವೇ ಬದಲಾಯಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂದು ಗಾದೆ ಹೇಳುತ್ತದೆ. ನಾನು ಮಾಡಿದ್ದು ಅದಕ್ಕಿಂತ ಒಂದು ಹೆಜ್ಜೆ ಮುಂದಿನದು, ಕಳ್ಳನನ್ನು ಒಳಗೇ ಬಿಟ್ಟು ಬಾಗಿಲು ಭದ್ರಪಡಿಸಿದ್ದು.

ಸಣ್ಣ ದೋಣಿಯ ನೆಲದಡಿಗೆ ನೀರು ಮೂರು ಕಡೆಗಳಿಂದ ಬರುತ್ತದೆ. ಮೇಲಿನಿಂದ ಬರುವುದು ಎಲ್ಲರಿಗೂ ಕಾಣುವಂಥದ್ದು: ಮಳೆ, ಅಲೆಯ ಎರಚಲು, ಒದ್ದೆ ಕಾಲು, ಒದ್ದೆ ಹಗ್ಗ. ಕೆಳಗಿನಿಂದ ಬರುವುದು ಸಡಿಲಗೊಂಡ ರಿವೆಟ್ಟುಗಳ ಸುತ್ತಲಿನಿಂದ, ಹಾಳೆಗಳು ಸೇರುವ ಜೋಡಣೆಯಿಂದ, ನೀರು ಬಿಡುವ ಬಿರಡೆಯ ಸವೆದ ವಾಷರಿನಿಂದ. ಮೂರನೆಯದು ಗಾಳಿಯಿಂದ ಬರುವ ನೀರು, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ನಾನೂ ಹಿಡಿದಿರಲಿಲ್ಲ. ಅಲ್ಯೂಮಿನಿಯಂ ಶಾಖವನ್ನು ಬಹು ಬೇಗ ಸಾಗಿಸುವ ಲೋಹವಾದ್ದರಿಂದ ದೋಣಿಯ ತಳ ಅದು ತೇಲುವ ನೀರಿನಷ್ಟೇ ತಣ್ಣಗಿರುತ್ತದೆ. ನೆಲದ ಹಲಗೆಯ ಕೆಳಗೆ ಸಿಕ್ಕಿಕೊಂಡ ಬೆಚ್ಚಗಿನ ತೇವದ ಗಾಳಿ ಆ ತಣ್ಣನೆಯ ಹಾಳೆಗೆ ತಾಗಿ ಹನಿಗಟ್ಟುತ್ತದೆ. ಒಂದು ರಾತ್ರಿಯ ಹನಿ ಲೆಕ್ಕಕ್ಕಿಲ್ಲದಷ್ಟು ಕಡಿಮೆ. ಆದರೆ ಹೊರಹೋಗಲು ದಾರಿಯಿಲ್ಲದ ಕಡೆ ನೂರು ರಾತ್ರಿಗಳ ಹನಿಗಳು ಒಟ್ಟುಗೂಡುತ್ತವೆ. ಈ ಮೂರರಲ್ಲಿ ಒಂದನ್ನು ಪೂರ್ತಿಯಾಗಿ, ಇನ್ನೊಂದನ್ನು ಬಹುಮಟ್ಟಿಗೆ ತಡೆಯಬಹುದು. ಮೂರನೆಯದನ್ನು ಯಾವ ಸೀಲೆಂಟೂ ತಡೆಯಲಾರದು.

ಹಲಗೆ ಕೊಳೆತದ್ದಕ್ಕೆ ನನ್ನ ಇನ್ನೊಂದು ಜಾಣತನವೂ ಕಾರಣವಾಗಿತ್ತು. ಕಾಣುವ ಮುಖಕ್ಕೆ ಎರಡು ಸಲ ವಾರ್ನಿಶ್ ಹೊಡೆದು, ಕಾಣದ ಮುಖಕ್ಕೆ ಯಾಕೆ ದಂಡ ಎಂದು ಕೆಳಭಾಗವನ್ನು ಹಾಗೆಯೇ ಬಿಟ್ಟಿದ್ದೆ. ಮರವನ್ನು ಕೊಳೆಸುವ ಶಿಲೀಂಧ್ರಗಳಿಗೆ ತೇವ ಬೇಕು, ಗಾಳಿ ಬೇಕು, ಹದವಾದ ಬೆಚ್ಚಗೆ ಬೇಕು. ಮರದ ತೇವಾಂಶ ಅದರ ಒಣ ತೂಕದ ಶೇ. 20ಕ್ಕಿಂತ ಕಡಿಮೆ ಇರುವ ತನಕ ಅವು ಬೇರೂರಲಾರವು, ಶೇ. 30ರ ಸುಮಾರಿಗೆ ಮರದ ನಾರುಗಳು ಪೂರ್ತಿ ನೆನೆದಾಗ ಅವುಗಳಿಗೆ ಹಬ್ಬ. ನನ್ನ ಹಲಗೆ ಕೆಳಮುಖದಿಂದ ಬಾಯಾರಿದಂತೆ ನೀರು ಕುಡಿಯುತ್ತಿತ್ತು, ಮೇಲ್ಮುಖದ ವಾರ್ನಿಶ್ ಮತ್ತು ಕಾರ್ಪೆಟ್ಟು ಆ ನೀರು ಆರದಂತೆ ಕಾವಲು ಕಾಯುತ್ತಿದ್ದವು. ಎರಡೂ ಮುಖಗಳಿಗೆ ಏನನ್ನೂ ಬಳಿಯದೆ ಬಿಟ್ಟಿದ್ದರೂ ಆ ಹಲಗೆ ಇನ್ನೆರಡು ವರ್ಷ ಹೆಚ್ಚು ಬಾಳುತ್ತಿತ್ತೇನೋ ಎಂದು ಈಗಲೂ ಅನ್ನಿಸುತ್ತದೆ.

ಹಲಗೆ ಹೋದರೆ ಹೋಗಲಿ, ಹೊಸದು ಹಾಸಬಹುದು. ನನ್ನನ್ನು ನಿಜಕ್ಕೂ ಹೆದರಿಸಿದ್ದು ಅದರ ಕೆಳಗಿನ ಲೋಹ. ಒದ್ದೆ ಫೋಮ್ ಅಂಟಿಕೊಂಡಿದ್ದ ಜಾಗದಲ್ಲೆಲ್ಲ ಬೂದಿಯಂಥ ಬಿಳಿ ಪುಡಿ ಕೂತಿತ್ತು. ಅದನ್ನು ಕೆರೆದು ತೆಗೆದಾಗ ಅಡಿಯಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡ ಕುಳಿಗಳು. ಅಲ್ಯೂಮಿನಿಯಂ ತುಕ್ಕು ಹಿಡಿಯುವುದಿಲ್ಲ ಎಂಬ ನಂಬಿಕೆಯಲ್ಲಿ ಅರ್ಧ ಸತ್ಯವಿದೆ. ಗಾಳಿ ತಾಗಿದ ಕೂಡಲೇ ಅದರ ಮೈಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆ ಮೂಡುತ್ತದೆ, ಗೀರಿದರೆ ಆ ಜಾಗದಲ್ಲಿ ಕ್ಷಣದಲ್ಲೇ ಮತ್ತೆ ಮೂಡುತ್ತದೆ, ಮತ್ತು ಲೋಹವನ್ನು ಕಾಯುವುದು ಲೋಹದ ಗಟ್ಟಿತನಕ್ಕಿಂತ ಈ ಪೊರೆಯೇ. ದೋಣಿಗಳಿಗೆ ಬಳಸುವ 5052, 5083, 5086 ಎಂಬ ಮಿಶ್ರಲೋಹಗಳಲ್ಲಿ ಮೆಗ್ನೀಶಿಯಂ ಸೇರಿದ್ದು, ಅವು ಉಪ್ಪುನೀರನ್ನೂ ಬಹುಕಾಲ ತಾಳಿಕೊಳ್ಳುತ್ತವೆ. ಆದರೆ ಪೊರೆ ಮತ್ತೆ ಮತ್ತೆ ಮೂಡಲು ಆಮ್ಲಜನಕ ಬೇಕು. ಹರಿಯುವ ನೀರಿನಲ್ಲಿ ಅದು ಸಿಗುತ್ತದೆ, ತೆರೆದ ಗಾಳಿಯಲ್ಲಿ ಸಿಗುತ್ತದೆ. ಒದ್ದೆ ಫೋಮಿನ ಅಡಿಯಲ್ಲಿ, ಕೊಳೆತ ಎಲೆ ಮತ್ತು ಕೆಸರಿನ ಪದರದ ಕೆಳಗೆ, ಕಾರ್ಪೆಟ್ಟಿನ ಅಂಟಿನ ಹಿಂದೆ ಸಿಗುವುದಿಲ್ಲ. ಅಲ್ಲಿ ನಿಂತ ನೀರು ದಿನಗಳೆದಂತೆ ಆಮ್ಲೀಯವಾಗುತ್ತದೆ, ಪೊರೆ ಕರಗುತ್ತದೆ, ಲೋಹ ಒಂದೊಂದೇ ಚುಕ್ಕೆಯಾಗಿ ಒಳಕ್ಕೆ ಕೊರೆದುಕೊಳ್ಳುತ್ತದೆ. ಹಾಳೆಯ ದಪ್ಪವೇ ಎರಡು ಮಿಲಿಮೀಟರಿನ ಆಸುಪಾಸು ಇರುವಾಗ ಅರ್ಧ ಮಿಲಿಮೀಟರಿನ ಕುಳಿ ಸಣ್ಣದಲ್ಲ.

ಇನ್ನೊಂದು ಅಪಾಯ ಬೇರೆ ಲೋಹಗಳ ಸಹವಾಸ. ಎರಡು ಬೇರೆ ಲೋಹಗಳು ಒಂದಕ್ಕೊಂದು ತಾಗಿಕೊಂಡು ಒಂದೇ ನೀರಿನಲ್ಲಿ ನೆನೆದರೆ ಅದೊಂದು ಪುಟ್ಟ ಬ್ಯಾಟರಿಯಾಗುತ್ತದೆ, ಮತ್ತು ಆ ಬ್ಯಾಟರಿಯಲ್ಲಿ ಸವೆಯುವ ಪಾಲು ಬಹುಮಟ್ಟಿಗೆ ಅಲ್ಯೂಮಿನಿಯಮ್ಮಿನದೇ. ಇದನ್ನು ದೋಣಿ ಕಟ್ಟುವವರ ಲೋಕ ದುಬಾರಿಯಾಗಿಯೇ ಕಲಿತಿದೆ. 1895ರ ಅಮೆರಿಕಾಸ್ ಕಪ್ ಪಂದ್ಯಕ್ಕಾಗಿ ಹೆರೆಷಾಫ್ ಎಂಬ ದೋಣಿ ವಿನ್ಯಾಸಕ ಕಟ್ಟಿದ 'ಡಿಫೆಂಡರ್' ಎಂಬ ಹಾಯಿದೋಣಿಗೆ ತೂಕ ಉಳಿಸಲೆಂದು ನೀರಿನ ಮಟ್ಟದ ಕೆಳಗೆ ಕಂಚಿನ ಹಾಳೆ, ಮೇಲೆ ಅಲ್ಯೂಮಿನಿಯಂ ಹಾಳೆ, ಒಳಗೆ ಉಕ್ಕಿನ ಚೌಕಟ್ಟು ಬಳಸಿದ್ದರು. ದೋಣಿ ಪಂದ್ಯ ಗೆದ್ದಿತು. ಆದರೆ ಉಪ್ಪುನೀರಿನಲ್ಲಿ ಆ ಲೋಹಗಳು ಒಂದನ್ನೊಂದು ತಿನ್ನತೊಡಗಿ, 1901ರ ಹೊತ್ತಿಗೆ ಅದು ಗುಜರಿ ಸೇರಿತು. ನನ್ನ ದೋಣಿಯ ತಳದಲ್ಲಿ ಅಂಥ ಮಹತ್ವಾಕಾಂಕ್ಷೆಯೇನೂ ಇರಲಿಲ್ಲ, ಬಿದ್ದಿದ್ದದ್ದು ಒಂದು ತುಂಡು ತಾಮ್ರದ ತಂತಿ ಮಾತ್ರ. ಅದು ಬಿದ್ದಿದ್ದ ಜಾಗದಲ್ಲಿ ಅದರ ಆಕಾರವೇ ಲೋಹದಲ್ಲಿ ಅಚ್ಚೊತ್ತಿದಂತೆ ಕುಳಿ ಬಿದ್ದಿತ್ತು.

ಇದೇ ಕಾರಣಕ್ಕೆ, ಒತ್ತಡದಲ್ಲಿ ತಾಮ್ರದ ಲವಣ ಹಿಡಿಸಿದ ಮರವನ್ನು ಅಲ್ಯೂಮಿನಿಯಂ ದೋಣಿಗೆ ಹಾಸಬಾರದು. ಕೊಳೆಯದ ಮರ ಎಂದು ಕೇಳಿದಾಗ ಯಾರಿಗಾದರೂ ಆಸೆಯಾಗುತ್ತದೆ. ಹಳೆಯ ದೋಣಿಗಾರರು ಕೆಲವರು ತಾವು ಬಳಸಿ ಏನೂ ಆಗಲಿಲ್ಲವೆಂದೂ ಹೇಳುತ್ತಾರೆ. ಆದರೆ ಅಮೆರಿಕದಲ್ಲಿ 2003ರ ಕೊನೆಗೆ ಮನೆಬಳಕೆಯ ಮರಕ್ಕೆ ಆರ್ಸೆನಿಕ್ ಇರುವ ಸಂರಕ್ಷಕವನ್ನು ಬಳಸುವುದು ನಿಂತ ಮೇಲೆ ಅದರ ಜಾಗಕ್ಕೆ ಬಂದ ಮಿಶ್ರಣಗಳಲ್ಲಿ ತಾಮ್ರದ ಪಾಲು ಹೆಚ್ಚು, ಆದ್ದರಿಂದ ಹಳಬರ ಅನುಭವ ಹೊಸ ಮರಕ್ಕೆ ಹೊಂದುವುದಿಲ್ಲ. ಒದ್ದೆಯಾದಾಗ ಆ ತಾಮ್ರ ಜಿನುಗಿ ಬಂದು ಲೋಹದ ಮೇಲೆ ಕೂರುತ್ತದೆ. ತಾಮ್ರಕ್ಕಿಂತ ಭಯಂಕರವಾದದ್ದು ಪಾದರಸ. ಹಳೆಯ ಪಂಪುಗಳ ತೇಲುವ ಸ್ವಿಚ್ಚಿನೊಳಗೆ ಅದು ಇರುತ್ತಿತ್ತು. ಅದರ ಒಂದು ಹನಿ ಪೊರೆಯನ್ನು ದಾಟಿ ಲೋಹಕ್ಕೆ ತಾಗಿದರೆ ಪೊರೆ ಮತ್ತೆ ಗಟ್ಟಿಯಾಗಿ ಮೂಡಲು ಬಿಡುವುದಿಲ್ಲ. ಹಳೆಯ ದೋಣಿ ಕೊಂಡವರು ಆ ಸ್ವಿಚ್ಚನ್ನು ಮೊದಲು ಕಿತ್ತುಹಾಕುವುದು ಒಳ್ಳೆಯದು.

ಹೊಸ ಹಲಗೆಯ ಯೋಚನೆಗೆ ಮೊದಲು ತಳ ಎಲ್ಲೆಲ್ಲಿ ಸೋರುತ್ತದೆಂದು ತಿಳಿಯಬೇಕಿತ್ತು. ಅದಕ್ಕೆ ದೋಣಿಯನ್ನು ನೀರಿಗಿಳಿಸುವುದಕ್ಕಿಂತ ನೀರನ್ನು ದೋಣಿಗಿಳಿಸುವುದು ಉತ್ತಮ ಉಪಾಯ. ಒಳಗೆಲ್ಲ ಬರಿದು ಮಾಡಿ, ತೊಳೆದು, ಬಿರಡೆ ಹಾಕಿ, ತಳದ ಉದ್ದಕ್ಕೂ ಮರದ ಆನಿಕೆ ಕೊಟ್ಟು, ಹೊರಮೈಯನ್ನು ಒಣಬಟ್ಟೆಯಿಂದ ಒರೆಸಿ, ಆಮೇಲೆ ಒಳಗೆ ನೀರು ತುಂಬಬೇಕು. ಎಷ್ಟು ತುಂಬಬೇಕೆಂಬುದರಲ್ಲಿ ಅತಿಯಾಸೆ ಕೂಡದು: ಮೂರು ಚದರ ಮೀಟರ್ ತಳದ ಮೇಲೆ 10 ಸೆಂಟಿಮೀಟರ್ ನೀರು ನಿಂತರೆ ಅದೇ 300 ಕಿಲೋ ಆಗುತ್ತದೆ, ಮತ್ತು ದೋಣಿಯ ತಳವನ್ನು ರೂಪಿಸಿರುವುದು ಹೊರಗಿನ ನೀರು ಮೇಲಕ್ಕೊತ್ತುವುದನ್ನು ತಾಳಲೆಂದೇ ಹೊರತು ಒಳಗಿನ ನೀರು ಕೆಳಕ್ಕೊತ್ತುವುದನ್ನಲ್ಲ. ನಾನು ನಾಲ್ಕು ಬೆರಳಿನಷ್ಟು ತುಂಬಿ, ಕೆಳಗೆ ಮಲಗಿ, ಟಾರ್ಚು ಹಿಡಿದು ಕಾದೆ. ಹತ್ತು ನಿಮಿಷ ಏನೂ ಕಾಣಲಿಲ್ಲ. ಅನಂತರ ನಡುವಿನ ಅಡ್ಡಪಟ್ಟಿಯ ಹತ್ತಿರದ ಒಂದು ರಿವೆಟ್ಟಿನ ತಲೆ ಬೆವರಿತು, ಅದರ ಪಕ್ಕದ್ದು ಬೆವರಿತು, ಅರ್ಧ ಗಂಟೆಯಲ್ಲಿ ಹನ್ನೊಂದು ಕಡೆ ಬಳಪದಿಂದ ಸುತ್ತು ಹಾಕಿದ್ದೆ. ಆ ಹನ್ನೊಂದರಲ್ಲಿ ಒಂಬತ್ತು ಮುಂಭಾಗದ ಕಡೆಗಿದ್ದವು. ಅಲೆಗೆ ಬಡಿಯುವುದು ದೋಣಿಯ ಮುಂಭಾಗವೇ ಆದ್ದರಿಂದ ಅಲ್ಲಿನ ರಿವೆಟ್ಟುಗಳೇ ಮೊದಲು ಸಡಿಲಗೊಳ್ಳುತ್ತವೆ.

ರಿವೆಟ್ಟುಗಳ ವಿಷಯದಲ್ಲಿ ನನಗೆ ಜೊತೆಯಾದವರು ಲೋಹದ ಕೆಲಸದಲ್ಲೇ ಬದುಕು ಸವೆಸಿದ ಹಿರಿಯ ಮಿತ್ರರೊಬ್ಬರು. ಸೋರುವ ತಲೆಗಳ ಮೇಲೆಲ್ಲ ಒಳ್ಳೆಯ ಸೀಲೆಂಟು ಬಳಿದು ಮುಗಿಸಿಬಿಡೋಣವೆಂದು ನಾನು ಹೊರಟಿದ್ದೆ. "ಸ್ವಲ್ಪ ತಾಳಿ, ಅಲ್ಲಾಡುವ ಹಲ್ಲಿಗೆ ಬಣ್ಣ ಬಳಿದರೆ ಗಟ್ಟಿಯಾಗುತ್ತದೆಯೇ?" ಎಂದರು ಅವರು. ಸಡಿಲವಾದ ರಿವೆಟ್ಟನ್ನು ಮೊದಲು ಬಿಗಿ ಮಾಡಬೇಕು: ಒಬ್ಬರು ಹೊರಗಿನ ತಲೆಗೆ ಭಾರವಾದ ಕಬ್ಬಿಣದ ಗಟ್ಟಿಯನ್ನು ಒತ್ತಿ ಹಿಡಿಯಬೇಕು, ಇನ್ನೊಬ್ಬರು ಒಳಗಿನ ಬಾಲವನ್ನು ಸುತ್ತಿಗೆಯಿಂದ ಬಡಿದು ಮತ್ತೆ ಹರಡಿಸಬೇಕು. ಹನ್ನೊಂದರಲ್ಲಿ ಎಂಟು ಹೀಗೆಯೇ ಸರಿಹೋದವು. ಉಳಿದ ಮೂರರ ತೂತುಗಳು ಸವೆದು ಅಗಲವಾಗಿದ್ದರಿಂದ ಅವುಗಳನ್ನು ಕೊರೆದು ತೆಗೆದು, ಒಂದು ಅಳತೆ ದೊಡ್ಡ ರಿವೆಟ್ಟನ್ನು ಸೀಲೆಂಟಿನಲ್ಲಿ ಅದ್ದಿ ಕೂರಿಸಿದೆವು. ಒಬ್ಬರೇ ಕೆಲಸ ಮಾಡುವವರು ಒಂದೇ ಕಡೆಯಿಂದ ಎಳೆದು ಕೂರಿಸುವ ಪಾಪ್ ರಿವೆಟ್ ಬಳಸುವುದುಂಟು. ಹಾಗೆ ಬಳಸುವುದಾದರೆ ತುದಿ ಮುಚ್ಚಿದ ಜಾತಿಯದೇ ಆಗಬೇಕು, ಯಾಕೆಂದರೆ ಸಾಧಾರಣ ಪಾಪ್ ರಿವೆಟ್ಟಿನ ನಡುವೆ ಉದ್ದಕ್ಕೂ ಟೊಳ್ಳಿರುತ್ತದೆ, ಆ ಟೊಳ್ಳಿನಿಂದಲೇ ನೀರು ಬರುತ್ತದೆ. ಬಿಗಿ ಮಾಡಿದ ಮೇಲೆ ಒಳಬದಿಯ ಎಲ್ಲ ರಿವೆಟ್ ಸಾಲುಗಳಿಗೂ ಜೋಡಣೆಗಳಿಗೂ ಗಟ್ಟಿಯಾದ ಮೇಲೂ ತುಸು ಬಾಗುವ ಗುಣವಿರುವ ಎಪಾಕ್ಸಿ, ಅಂದರೆ ರಾಳಕ್ಕೆ ಗಟ್ಟಿಕಾರಕ ಬೆರೆಸಿ ಗಟ್ಟಿಯಾಗಿಸುವ ಲೇಪ, ಹಚ್ಚಿದೆ. ಬೆಸುಗೆ ಹಾಕಿದ ದೋಣಿಯವರಿಗೆ ಈ ಕಷ್ಟವಿಲ್ಲ, ಅವರು ಬೆಸುಗೆಯ ಕೊನೆಗಳಲ್ಲಿ ಕೂದಲೆಳೆಯಂಥ ಬಿರುಕುಗಳಿವೆಯೇ ಎಂದು ನೋಡಿದರೆ ಸಾಕು.

ಲೇಪ ಹಚ್ಚಿದೆ ಎಂದು ಒಂದು ಮಾತಿನಲ್ಲಿ ಬರೆದೆ. ಅದಕ್ಕೆ ಮೊದಲು ಹಳೆಯ ಸಿಲಿಕೋನನ್ನು ಕೀಳಲು ಮೂರು ದಿನ ಹಿಡಿಯಿತು. ಸಿಲಿಕೋನ್ ಮೇಲೆ ನನಗೀಗ ಇರುವ ಸಿಟ್ಟು ಅನುಭವದಿಂದ ಬಂದದ್ದು. ಆರುವಾಗ ಹುಳಿ ವಾಸನೆ ಬರುವ ಜಾತಿಯದು ಅಸೆಟಿಕ್ ಆಮ್ಲವನ್ನು ಬಿಡುತ್ತದೆ, ಅದು ಅಲ್ಯೂಮಿನಿಯಮ್ಮಿಗೆ ಒಳ್ಳೆಯದಲ್ಲ. ಅದಕ್ಕಿಂತ ಹೆಚ್ಚಾಗಿ, ಸಿಲಿಕೋನ್ ಕೂತಿದ್ದ ಜಾಗದ ಮೇಲೆ ಬಣ್ಣ ಹಿಡಿಯುವುದಿಲ್ಲ, ಎಪಾಕ್ಸಿ ಹಿಡಿಯುವುದಿಲ್ಲ, ಸೋಜಿಗವೆಂದರೆ ಹೊಸ ಸಿಲಿಕೋನ್ ಕೂಡ ಸರಿಯಾಗಿ ಹಿಡಿಯುವುದಿಲ್ಲ. ಪ್ಲಾಸ್ಟಿಕ್ ಅಲಗಿನಿಂದ ಕೆರೆದು, ದ್ರಾವಕದಿಂದ ಒರೆಸಿ, ಬಟ್ಟೆ ಬದಲಿಸಿ ಮತ್ತೆ ಒರೆಸಿ, ಕೊನೆಗೆ ಸ್ಯಾಂಡ್ ಪೇಪರ್ ಹಿಡಿಯಬೇಕು. ಒರೆಸುವ ಮೊದಲೇ ಉಜ್ಜಿದರೆ ಆ ಜಿಡ್ಡು ಗೀರುಗಳೊಳಗೆ ಇಳಿದು ಕೂರುತ್ತದೆ. ಉಜ್ಜಲು ಮಾಮೂಲು ಉಕ್ಕಿನ ತಂತಿಯ ಬ್ರಷ್ ಬೇಡ, ಅದರ ಚೂರುಗಳು ಮೆತ್ತನೆಯ ಲೋಹದಲ್ಲಿ ನೆಟ್ಟು ಅಲ್ಲಿಂದಲೇ ಕೊರೆತ ಆರಂಭವಾಗುತ್ತದೆ. ಉಜ್ಜಿದ ಅಲ್ಯೂಮಿನಿಯಂ ಬೆಳ್ಳಗೆ ಹೊಳೆಯುವುದನ್ನು ಕಂಡು ಕೆಲಸವಾಯಿತೆಂದು ಊಟಕ್ಕೆ ಹೋಗಿ, ನಿದ್ದೆ ಮಾಡಿ, ಮರುದಿನ ಬಣ್ಣ ಹಚ್ಚುವವರಿದ್ದಾರೆ. ಅಷ್ಟರಲ್ಲಿ ಹೊಸ ಆಕ್ಸೈಡ್ ಪೊರೆಯೂ ಧೂಳೂ ತೇವವೂ ಅದರ ಮೇಲೆ ಕೂತಿರುತ್ತವೆ. ಲೋಹವನ್ನು ಕಚ್ಚಿ ಹಿಡಿಯುವ ಎಚ್ (etch) ಪ್ರೈಮರನ್ನು ಅದೇ ದಿನ, ಆದಷ್ಟು ಅದೇ ಗಂಟೆಯಲ್ಲಿ ಹಚ್ಚಬೇಕು. ಕೆಲವು ಎಪಾಕ್ಸಿ ಲೇಪಗಳು ಎಚ್ ಪ್ರೈಮರಿನ ಮೇಲೆ ಹೊಂದುವುದಿಲ್ಲವಾದ್ದರಿಂದ, ಲೇಪ ಬೇಕಾದ ಕಡೆ ಮೊದಲು ಲೇಪ, ಉಳಿದ ಬರಿ ಲೋಹಕ್ಕೆ ಪ್ರೈಮರ್ ಎಂದು ಜಾಗ ಹಂಚಿಕೊಂಡೆ.

ಇನ್ನು ಹಲಗೆ. ಅಲ್ಯೂಮಿನಿಯಂ ಹಾಳೆಯನ್ನೇ ನೆಲವಾಗಿ ಹಾಸಿದರೆ ಕೊಳೆಯುವ ಮಾತೇ ಇಲ್ಲ. ಆದರೆ ಅದು ಬಿಸಿಲಿಗೆ ಕಾಲಿಡಲಾಗದಷ್ಟು ಕಾಯುತ್ತದೆ, ಸಣ್ಣ ಸದ್ದನ್ನೂ ತಮಟೆಯಂತೆ ಹೊಮ್ಮಿಸುತ್ತದೆ. ನಾನು ಮತ್ತೆ ಪ್ಲೈವುಡ್ಡನ್ನೇ ಆರಿಸಿದೆ, ಈ ಸಲ ದೋಣಿಗೆಂದೇ ಮಾಡಿದ 12 ಮಿಲಿಮೀಟರಿನದು. ಬಿಎಸ್ 1088 ಎಂಬ ಬ್ರಿಟಿಷ್ ಮಾನದಂಡಕ್ಕೆ ಒಪ್ಪುವ ಪ್ಲೈವುಡ್ಡಿನ ಅಂಟು ಕುದಿನೀರಿಗೂ ಬಿಡುವುದಿಲ್ಲ, ಅದರ ಒಳಪದರಗಳಲ್ಲಿ ನೀರು ಮನೆಮಾಡುವಂಥ ಟೊಳ್ಳುಗಳನ್ನು ಬಿಡುವಂತಿಲ್ಲ. ಹಾಗೆಂದು ಅದು ಕೊಳೆಯದ ಮರವೆಂದು ತಿಳಿಯಬಾರದು. ಪದರಗಳು ಬಿಚ್ಚಿಕೊಳ್ಳದೆ ಒಟ್ಟಿಗೇ ಕೊಳೆಯುವ ಮರವೂ ಕೊನೆಗೆ ಕೊಳೆತ ಮರವೇ. ಆದ್ದರಿಂದ ಅದನ್ನು ಆರು ಕಡೆಯಿಂದಲೂ ಮುಚ್ಚಬೇಕು: ಮೇಲ್ಮುಖ, ಕೆಳಮುಖ, ನಾಲ್ಕು ಅಂಚು. ಇವುಗಳಲ್ಲಿ ಅಂಚಿನ ಪಾತ್ರವೇ ದೊಡ್ಡದು. ಮರದ ನಾರುಗಳು ತೆರೆದ ಬಾಯಿಯಿಂದ ನೀರು ಹೀರುವುದು ಅಲ್ಲಿಂದ. ಮುಖಕ್ಕೆ ಒಂದು ಸಲ ಹಚ್ಚುವ ಹೊತ್ತಿಗೆ ಅಂಚು ಮೂರು ಸಲ ಕುಡಿದು ಇನ್ನೂ ಬೇಕೆನ್ನುತ್ತದೆ, ಅದು ಸಾಕೆನ್ನುವವರೆಗೂ ಕುಡಿಸಬೇಕು.

ಎಪಾಕ್ಸಿಯ ಕೆಲಸದಲ್ಲಿ ಅವಸರಕ್ಕೂ ಅಂದಾಜಿಗೂ ಜಾಗವಿಲ್ಲ. ಪಾಲಿಯೆಸ್ಟರ್ ರಾಳಕ್ಕೆ ಗಟ್ಟಿಕಾರಕವನ್ನು ತುಸು ಹೆಚ್ಚು ಕಡಿಮೆ ಮಾಡಿ ಆರುವ ಹೊತ್ತನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು. ಎಪಾಕ್ಸಿಗೆ ಅದು ನಡೆಯದು, ಡಬ್ಬದ ಮೇಲೆ ಬರೆದ ಅಳತೆಯೇ ಅಳತೆ. ಅಳತೆ ತಪ್ಪಿದ ಎಪಾಕ್ಸಿ ವರ್ಷ ಕಳೆದರೂ ಬೆಲ್ಲದ ಪಾಕದಂತೆ ಅಂಟುತ್ತಲೇ ಇರುತ್ತದೆ. ಆಳವಾದ ಲೋಟದಲ್ಲಿ ಕಲಸಿ ಹಾಗೆಯೇ ಇಟ್ಟರೆ ತನ್ನ ಶಾಖಕ್ಕೆ ತಾನೇ ಕಾದು ಹೊಗೆಯಾಡುತ್ತದೆ, ಆದ್ದರಿಂದ ಕಲಸಿದ ಕೂಡಲೇ ಅಗಲವಾದ ತಟ್ಟೆಗೆ ಸುರಿದುಕೊಳ್ಳಬೇಕು. ಹೊತ್ತಿನ ಆಯ್ಕೆಯೂ ಮುಖ್ಯವೆಂದು ಮೊದಲ ಹಲಗೆ ಹಾಳಾದ ಮೇಲೆ ತಿಳಿಯಿತು. ಬೆಳಗ್ಗೆ ಹಚ್ಚಿದ್ದೆ, ಬಿಸಿಲೇರಿದಂತೆ ಮರದೊಳಗಿನ ಗಾಳಿ ಹಿಗ್ಗಿ, ಹೊರಗೆ ಬಂದು, ಲೇಪದ ತುಂಬ ಗುಳ್ಳೆಗಳೆದ್ದು, ಒಡೆದು, ಸೂಜಿಮೊನೆಯಂಥ ತೂತುಗಳಾದವು. ಎರಡನೆಯ ಹಲಗೆಗೆ ಇಳಿಹೊತ್ತಿನಲ್ಲಿ ಹಚ್ಚಿದೆ. ತಂಪಾಗುತ್ತ ಕುಗ್ಗಿದ ಗಾಳಿ ಲೇಪವನ್ನು ಒಳಕ್ಕೆ ಎಳೆದುಕೊಂಡಿತು. ಒಂದು ಸುತ್ತು ಆರಿದ ಮೇಲೆ ಮೇಲ್ಮೈಯಲ್ಲಿ ಮೇಣದಂಥ ಜಿಡ್ಡು ಕಾಣಿಸಿಕೊಳ್ಳುವುದುಂಟು. ಅದನ್ನು ಬರೀ ನೀರಿನಿಂದ ಉಜ್ಜಿ ತೊಳೆದು ಒಣಗಿಸಿದ ಮೇಲೆಯೇ ಸ್ಯಾಂಡ್ ಪೇಪರಿನಿಂದ ಉಜ್ಜುವುದು, ಮುಂದಿನ ಸುತ್ತು ಹಚ್ಚುವುದು. ಮುಖಗಳಿಗೆ ಮೂರು ಸುತ್ತು ಹಚ್ಚಿದೆ, ಕಾಣದ ಮುಖಕ್ಕೂ ಮೂರೇ. ಹಾಳಾದ ಮೊದಲ ಹಲಗೆಯನ್ನು ಉಜ್ಜಿ ಸರಿಪಡಿಸಲು ಇನ್ನೆರಡು ದಿನ ಹೋಯಿತು.

ಇಷ್ಟೆಲ್ಲ ಮಾಡಿದ ಹಲಗೆಗೆ ಸ್ಕ್ರೂ ಹಾಕಲು ಡ್ರಿಲ್ ಹಿಡಿದರೆ, ಪ್ರತಿ ತೂತೂ ಮತ್ತೆ ಮರದ ಹೊಟ್ಟೆಗೆ ಬಾಗಿಲು ತೆರೆಯುತ್ತದೆ. ನನ್ನ ಹಳೆಯ ನೆಲ ಕೊಳೆಯಲು ಆರಂಭವಾದದ್ದು ಸ್ಕ್ರೂಗಳ ಸುತ್ತಲೇ ಎಂಬುದು ಬೆರಳಿಗೆ ಬಂದ ಆ ಮೊದಲ ಸ್ಕ್ರೂವೇ ಹೇಳಿದ ಮಾತು. ಇದಕ್ಕೆ ಪರಿಹಾರ ಸರಳ, ಬೇಸರದ್ದು: 5 ಮಿಲಿಮೀಟರ್ ಸ್ಕ್ರೂ ಬರುವ ಜಾಗದಲ್ಲಿ 10 ಮಿಲಿಮೀಟರ್ ತೂತು ಕೊರೆದು, ಪುಡಿ ಬೆರೆಸಿ ಗಾರೆಯ ಹದಕ್ಕೆ ತಂದ ಎಪಾಕ್ಸಿಯಿಂದ ಅದನ್ನು ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸ್ಕ್ರೂವಿಗೆ ಬೇಕಾದ ತೂತು ಕೊರೆಯುವುದು. ಆಗ ಸ್ಕ್ರೂವಿನ ಸುತ್ತಲೂ ಎಪಾಕ್ಸಿಯ ಕೊಳವೆಯಿರುತ್ತದೆ, ನೀರು ಸ್ಕ್ರೂವಿನ ಜೊತೆ ಇಳಿದರೂ ಮರಕ್ಕೆ ತಾಗುವುದಿಲ್ಲ. ಮೂವತ್ತೆಂಟು ತೂತುಗಳಿಗೆ ಹೀಗೆ ಮಾಡಿದೆ, ಮೂವತ್ತನೆಯದರ ಹೊತ್ತಿಗೆ ಉಳಿದ ಎಂಟನ್ನು ಹಾಗೆಯೇ ಬಿಟ್ಟರೇನು ಎಂಬ ಯೋಚನೆ ಬಂದದ್ದನ್ನು ಮುಚ್ಚಿಡುವುದಿಲ್ಲ. ಸ್ಕ್ರೂಗಳು ಸ್ಟೇನ್‌ಲೆಸ್ ಉಕ್ಕಿನವು. ಅವೂ ಅಲ್ಯೂಮಿನಿಯಮ್ಮಿಗೆ ಪರಲೋಹವೇ, ಆದರೆ ದೊಡ್ಡ ಅಲ್ಯೂಮಿನಿಯಂ ಹಾಳೆಯಲ್ಲಿ ಸಣ್ಣ ಉಕ್ಕಿನ ಸ್ಕ್ರೂ ಇದ್ದರೆ ಸವೆತ ಹಂಚಿಹೋಗುತ್ತದೆ. ತಿರುಗಿಸುವ ಮೊದಲು ಅದರ ಹಲ್ಲುಗಳಿಗೆ ಪಾಲಿಯುರಿಥೇನ್ ಸೀಲೆಂಟು ಸವರಿದರೆ ಉಪ್ಪುನೀರು ನಡುವೆ ನುಸುಳಲು ಎಡೆಯೂ ಇರುವುದಿಲ್ಲ.

ಹಲಗೆಯನ್ನು ಕೂರಿಸುವಾಗ ನನ್ನ ಕೈ ತಾನಾಗಿಯೇ ಅಂಚುಗಳ ಕಡೆಗೆ, ಸೀಲೆಂಟಿನ ಗನ್ನಿನ ಕಡೆಗೆ ಹೋಯಿತು. ನಾಲ್ಕು ವರ್ಷಗಳ ಹಿಂದಿನ ಅಭ್ಯಾಸ. ತಳವನ್ನು ಮುಚ್ಚಿಯಾಗಿತ್ತು, ಹಲಗೆಯನ್ನು ಮುಚ್ಚಿಯಾಗಿತ್ತು. ಅವೆರಡರ ನಡುವಿನ ಜಾಗ ಮಾತ್ರ ತೆರೆದಿರಬೇಕಿತ್ತು. ಹಲಗೆಯ ಅಂಚಿಗೂ ದೋಣಿಯ ಪಕ್ಕೆಗೂ ನಡುವೆ ಅರ್ಧ ಬೆರಳಿನಷ್ಟು ಎಡೆ ಬಿಟ್ಟೆ. ಅದಕ್ಕೆ ಇನ್ನೊಂದು ಕಾರಣವೂ ಇದೆ: ಪ್ರತಿ ಡಿಗ್ರಿ ಶಾಖಕ್ಕೆ ಅಲ್ಯೂಮಿನಿಯಂ ಮೀಟರಿಗೆ 23 ಮೈಕ್ರೋಮೀಟರಿನಷ್ಟು ಹಿಗ್ಗಿದರೆ ಮರ ಅದರ ಕಾಲುಭಾಗದ ಸುಮಾರಿನಷ್ಟು ಹಿಗ್ಗುತ್ತದೆ. ಮೂರು ಮೀಟರ್ ನೆಲದಲ್ಲಿ, ತಂಪು ರಾತ್ರಿಗೂ ಸುಡುವ ಮಧ್ಯಾಹ್ನಕ್ಕೂ ನಡುವೆ ಲೋಹ 40 ಡಿಗ್ರಿ ಕಾದರೆ, ಎರಡರ ನಡುವೆ 2 ಮಿಲಿಮೀಟರಿನಷ್ಟು ಜಗ್ಗಾಟ ನಡೆಯುತ್ತದೆ. ಗಡುಸಾದ ಯಾವ ಅಂಟೂ ಈ ಜಗ್ಗಾಟವನ್ನು ದಿನವೂ ತಾಳಲಾರದು, ಒಂದಲ್ಲ ಒಂದು ದಿನ ಕೂದಲೆಳೆಯಷ್ಟು ಬಿರಿಯುತ್ತದೆ. ಆ ಬಿರುಕು ಮೇಲಿನ ನೀರನ್ನು ಕೆಳಗೆ ಬಿಡುವಷ್ಟು ದೊಡ್ಡದು, ಕೆಳಗಿನ ತೇವವನ್ನು ಆರಲು ಬಿಡುವಷ್ಟು ದೊಡ್ಡದಲ್ಲ.

ಅಡ್ಡಪಟ್ಟಿಗಳ ಕೆಳಗೆ, ನಡುಗೆರೆಯ ಉದ್ದಕ್ಕೂ, ನೀರು ಹಿಂಬದಿಯ ಬಿರಡೆಯತ್ತ ಹರಿಯಲೆಂದು ದೋಣಿ ಕಟ್ಟಿದವರೇ ಬಿಟ್ಟ ಕಿಂಡಿಗಳಿದ್ದವು. ಅವುಗಳಲ್ಲಿ ಮೂರನ್ನು ಹಿಂದಿನ ಸಲ ನಾನೇ ಫೋಮ್ ತುಂಬಿ ಮುಚ್ಚಿದ್ದೆನೆಂಬುದು ಈ ಸಲ ಕಂಡಿತು. ಫೋಮ್ ಬೇಕೇ ಬೇಕು, ದೋಣಿಗೆ ನೀರು ತುಂಬಿದಾಗ ಅದು ಮುಳುಗದಂತೆ ತಡೆಯುವುದು ಅದೇ; ಹತ್ತರಲ್ಲೊಂದು ಘನ ಮೀಟರ್ ಒಣ ಫೋಮ್ ನೀರಿನಲ್ಲಿ ತೊಂಬತ್ತೈದು ಕಿಲೋಗೂ ಹೆಚ್ಚು ಭಾರವನ್ನು ಎತ್ತಿ ಹಿಡಿಯುತ್ತದೆ. ಆದರೆ ವರ್ಷಾನುಗಟ್ಟಲೆ ನೀರಿನಲ್ಲಿ ಕೂತರೆ ಒಳಗಿನ ಗುಳ್ಳೆಗಳೆಲ್ಲ ಮುಚ್ಚಿಕೊಂಡಿರುವ ಮುಚ್ಚುಕೋಶದ ಫೋಮೂ ನಿಧಾನವಾಗಿ ನೀರು ಹೀರುತ್ತದೆ, ಆಗ ಅದು ಎತ್ತುವುದನ್ನು ಬಿಟ್ಟು ಹೊರಿಸತೊಡಗುತ್ತದೆ. ಸುರಿದು ಉಬ್ಬಿಸುವ ಫೋಮಿನ ಬದಲು ಈ ಸಲ ಕತ್ತರಿಸಿದ ಗಟ್ಟಿ ಹಾಳೆಗಳನ್ನು ಇಟ್ಟೆ, ತಳಕ್ಕೆ ತಾಗದಂತೆ ಅವುಗಳ ಕೆಳಗೆ ಎರಡು ಬೆರಳಿನಷ್ಟು ಪ್ಲಾಸ್ಟಿಕ್ ಪಟ್ಟಿ ಕೊಟ್ಟೆ. ಹಿಂಬದಿಯಲ್ಲಿ ಅಂಗೈ ಹೋಗುವಷ್ಟು ಅಗಲದ, ತಿರುಗಿಸಿ ತೆರೆಯುವ ಮುಚ್ಚಳವೊಂದನ್ನು, ಮುಂಬದಿಯಲ್ಲಿ ಇನ್ನೊಂದನ್ನು ಕೂರಿಸಿದೆ. ದೋಣಿ ನೆಲಕ್ಕೆ ಬಂದ ಕೂಡಲೇ ಎರಡನ್ನೂ ತೆರೆದಿಟ್ಟರೆ ಒಂದರಿಂದ ಒಳಹೊಕ್ಕ ಗಾಳಿ ಇನ್ನೊಂದರಿಂದ ಹೊರಡುತ್ತದೆ.

ಮೇಲ್ಮೈಗೆ ಕಾರ್ಪೆಟ್ ಬೇಡವೆಂಬುದು ಚರ್ಚೆಯಿಲ್ಲದೆ ತೀರ್ಮಾನವಾಯಿತು. ಎಪಾಕ್ಸಿ ಬಿಸಿಲಿಗೆ ತಾಳುವುದಿಲ್ಲ, ಹಳದಿಯಾಗಿ ಪುಡಿಯಾಗುತ್ತದೆ, ಆದ್ದರಿಂದ ಅದರ ಮೇಲೆ ಬಿಸಿಲು ತಡೆಯುವ ಬಣ್ಣ ಬೇಕು. ಎರಡು ಸುತ್ತು ತಿಳಿ ಬೂದುಬಣ್ಣ ಹಚ್ಚಿ, ಮೊದಲ ಸುತ್ತು ಹಸಿಯಿರುವಾಗಲೇ ಜರಡಿ ಹಿಡಿದ ನಯವಾದ ಮರಳನ್ನು ಉದುರಿಸಿ, ಆರಿದ ಮೇಲೆ ಸಡಿಲ ಕಾಳುಗಳನ್ನು ಗುಡಿಸಿ ಎರಡನೆಯದನ್ನು ಹಚ್ಚಿದೆ. ಬರಿಗಾಲಿಗೆ ತುಸು ಒರಟು, ಒದ್ದೆ ಚಪ್ಪಲಿಗೆ ಗಟ್ಟಿ ಹಿಡಿತ.

ಇದಾಗಿ ಎರಡು ಮಳೆಗಾಲಗಳು ಕಳೆದಿವೆ. ಪ್ರತಿ ಸಲ ದೋಣಿಯನ್ನು ಮೇಲೆಳೆದಾಗ ಮೊದಲು ಬಿರಡೆ ತೆಗೆದು, ಬರುವ ನೀರನ್ನು ಒಂದು ಡಬ್ಬದಲ್ಲಿ ಹಿಡಿದು ನೋಡುವುದು ರೂಢಿಯಾಗಿದೆ. ಹೆಚ್ಚಿನ ಸಲ ಅರ್ಧ ಲೋಟ, ಎರಚಲಿದ್ದ ದಿನ ಎರಡು ಮೂರು ಲೋಟ. ಹೋದ ತಿಂಗಳು ಗಾಳಿಯೂ ಅಲೆಯೂ ಇಲ್ಲದ ದಿನವೊಂದರಲ್ಲಿ ಡಬ್ಬ ಮುಕ್ಕಾಲು ತುಂಬಿತು. ಮುಂಬದಿಯ ಮುಚ್ಚಳ ತೆರೆದು ಕೈಯಾಡಿಸಿದೆ. ಬಲಗಡೆ ಒಣಗಿತ್ತು, ಎಡಗಡೆಯ ಮೂರನೆಯ ಅಡ್ಡಪಟ್ಟಿಯ ಹತ್ತಿರ ಬೆರಳಿಗೆ ತಣ್ಣಗೆ ತಾಗಿತು. ಹೊರಗೆ ಬಂದು ಅದೇ ಜಾಗದಲ್ಲಿ ಬಳಪದಿಂದ ಹನ್ನೆರಡನೆಯ ಸುತ್ತು ಹಾಕಿ, ಸುತ್ತಿಗೆಗೆ ಯಾವಾಗ ಬಿಡುವಿದೆಯೆಂದು ಆ ಹಿರಿಯ ಮಿತ್ರರನ್ನು ಕೇಳಲು ಹೊರಟೆ.